ಗ್ರಿಗ್ರಿ ಮತ್ತು ಅದರ ಬಳಗ: ಬಿಲೇ ಸಾಧನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾದಾಮಿಯ ಕೆಂಪು ಬಂಡೆಗಳ ಬುಡದಲ್ಲಿ ಚಳಿಗಾಲದ ಭಾನುವಾರ ಹೊಸಬರು ಬಂದರೆ ಅವರ ಕಣ್ಣು ಮೊದಲು ಹೋಗುವುದು ಮೇಲೆ ಹತ್ತುತ್ತಿರುವವರ ಕಡೆಗೆ. ನನಗೆ ಪ್ರಶ್ನೆ ಕೇಳುವವರು ಮಾತ್ರ ಸ್ವಲ್ಪ ಹೊತ್ತಿನ ನಂತರ ಕೆಳಗೆ ನೋಡುತ್ತಾರೆ. ಹಗ್ಗದ ಇನ್ನೊಂದು ತುದಿಯನ್ನು ಹಿಡಿದು, ಕತ್ತು ಮೇಲೆತ್ತಿ ನಿಂತಿರುವವರ ಸೊಂಟದಲ್ಲಿ ನೇತಾಡುವ ಆ ಪುಟ್ಟ ಪೆಟ್ಟಿಗೆ ಏನು ಎಂದು ವಿಚಾರಿಸುತ್ತಾರೆ. ಅದೇ ಗ್ರಿಗ್ರಿ, ಅಥವಾ ಅದರ ಬಳಗದ ಇನ್ನೊಂದು ಬಿಲೇ ಸಾಧನ. ಈ ಪುಟ ಅವರಿಗಾಗಿ. ಇದನ್ನು ಓದಿ ಮುಗಿಸಿದರೆ ಬಿಲೇ ಕೊಡಲು ಬರುವುದಿಲ್ಲ. ಅದನ್ನು ತಿಳಿದವರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಬಿಲೇ ಎಂದರೆ ಏನು?

ಹತ್ತುವವರ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಕೆಳಗೆ ನಿಂತವರು ನಿಭಾಯಿಸುವ ಕೆಲಸ. ಹತ್ತುವವರು ಮೇಲೆ ಹೋದಂತೆ ಹಗ್ಗ ಕೊಡಬೇಕು ಅಥವಾ ಎಳೆದುಕೊಳ್ಳಬೇಕು, ಬಿದ್ದಾಗ ತಡೆಯಬೇಕು, ಕೊನೆಗೆ ಮೆಲ್ಲಗೆ ಇಳಿಸಬೇಕು. ಬಾವಿಯಿಂದ ನೀರು ಸೇದಿದವರಿಗೆ ಇದರ ಅಂದಾಜು ಇರುತ್ತದೆ. ತುಂಬಿದ ಕೊಡ ಅರ್ಧಕ್ಕೆ ಬಂದಾಗ ಹಗ್ಗ ಜಾರಿದರೆ ಅಂಗೈಗೆ ಏನಾಗುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಇಲ್ಲಿ ಕೊಡದ ಜಾಗದಲ್ಲಿ ಎಪ್ಪತ್ತು ಕಿಲೋ ತೂಕದ ಮನುಷ್ಯ ಇರುತ್ತಾನೆ. ಬರಿಗೈಯಿಂದ ತಡೆಯಲಾಗದ ಆ ಭಾರವನ್ನು ಹಗ್ಗವನ್ನು ಬಾಗಿಸಿ, ಉಜ್ಜಿಸಿ ತಡೆಯುವುದೇ ಬಿಲೇ ಸಾಧನದ ಕೆಲಸ.

ಹಂಪಿಯಲ್ಲಿ ಬೌಲ್ಡರಿಂಗ್ ಮಾಡುವವರಿಗೆ ಇದು ಯಾವುದೂ ಬೇಡ. ಅಲ್ಲಿ ಹಗ್ಗವೇ ಇಲ್ಲ, ದಪ್ಪ ಹಾಸಿಗೆಯೊಂದು ಸಾಕು.

ಇದು ತಾನಾಗಿಯೇ ಲಾಕ್ ಆಗುತ್ತದೆ ಎನ್ನುತ್ತಾರೆ. ನಿಜವೇ?

ಈ ಮಾತನ್ನು ಮೊದಲು ತಲೆಯಿಂದ ತೆಗೆಯಬೇಕು. ಹಳೆಯ ಕ್ಲೈಂಬರ್‌ಗಳು ಇಂದಿಗೂ ‘ಆಟೊ ಲಾಕ್’ ಎನ್ನುತ್ತಾರೆ. ತಯಾರಿಸುವ ಕಂಪನಿಗಳು ಸಾಮಾನ್ಯವಾಗಿ ಕೈಪಿಡಿಯಲ್ಲಿ ಹಾಗೆ ಬರೆಯುವುದಿಲ್ಲ. ಯುರೋಪಿನ ಮಾನದಂಡ ಇಎನ್ 15151-1 ಇವನ್ನು ಕೈಯಿಂದ ಬ್ರೇಕ್ ಹಾಕುವಾಗ ಲಾಕ್ ಆಗಲು ನೆರವಾಗುವ ಸಾಧನಗಳು ಎಂದು ಕರೆಯುತ್ತದೆ. ಅಂದರೆ ಬ್ರೇಕ್ ಹಾಕುವುದು ಕೈ, ಸಾಧನ ನೆರವಿಗೆ ಬರುತ್ತದೆ. ನಾನು ಇಲ್ಲಿ ‘ನೆರವಿನ ಬ್ರೇಕ್’ ಎನ್ನುವುದು ಇದಕ್ಕೇ.

ಹತ್ತು ಸಲದಲ್ಲಿ ಒಂಬತ್ತು ಸಲ ಕೈ ಬಿಟ್ಟರೂ ಹಗ್ಗ ನಿಲ್ಲಬಹುದು. ತೊಂದರೆಯಿರುವುದೇ ಅಲ್ಲಿ. ಒಂಬತ್ತು ಸಲ ನಿಂತದ್ದನ್ನು ನೋಡಿದ ಕೈ ಸೋಮಾರಿಯಾಗುತ್ತದೆ. ಹಗ್ಗ ತೆಳುವಾಗಿದ್ದು ಹೊಸದಾಗಿ ನುಣುಪಾಗಿದ್ದರೆ, ಒದ್ದೆಯಾಗಿದ್ದರೆ, ಹತ್ತುವವರು ತೀರ ಹಗುರವಾಗಿದ್ದು ಹಗ್ಗ ನಿಧಾನವಾಗಿ ಜಾರಿದರೆ, ಸಾಧನ ಬಂಡೆಗೆ ಒತ್ತಿಕೊಂಡು ಒಳಗಿನ ಭಾಗ ತಿರುಗಲು ಜಾಗವಿಲ್ಲದಿದ್ದರೆ, ಹತ್ತನೆಯ ಸಲ ಅದು ಹಿಡಿಯದೆ ಹೋಗಬಹುದು.

ಒಳಗೆ ಏನು ನಡೆಯುತ್ತದೆ?

ಎರಡು ಜಾತಿಗಳಿವೆ. ಮೊದಲನೆಯದು ಗ್ರಿಗ್ರಿಯ ಜಾತಿ. ಫ್ರಾನ್ಸಿನ ಪೆಟ್ಜೆಲ್ ಕಂಪನಿ ಇದನ್ನು 1991ರಲ್ಲಿ ಹೊರತಂದಿತು. ಗ್ರಿಗ್ರಿ ಎಂದರೆ ಪಶ್ಚಿಮ ಆಫ್ರಿಕಾದಲ್ಲಿ ಕೊರಳಿಗೆ ಕಟ್ಟುವ ತಾಯತ. ಹೆಸರು ಸುಂದರವಾಗಿದೆ, ಆದರೆ ಅದನ್ನು ತಾಯತದಂತೆ ನಂಬುವವರನ್ನು ಕಂಡರೆ ನನಗೆ ಭಯ. ಪೆಟ್ಟಿಗೆಯ ಒಳಗೆ ಕ್ಯಾಮ್ ಎಂಬ ತಿರುಗುವ ತುಂಡೊಂದಿದೆ. ಹಗ್ಗ ಅದನ್ನು ಸುತ್ತಿಕೊಂಡು ಹೋಗುತ್ತದೆ. ಮೆಲ್ಲಗೆ ಎಳೆದರೆ ಹಗ್ಗ ಸರಿಯುತ್ತದೆ. ಜಗ್ಗಿ ಎಳೆದರೆ ಕ್ಯಾಮ್ ತಿರುಗಿ ಹಗ್ಗವನ್ನು ಇನ್ನೊಂದು ಬದಿಗೆ ಅದುಮಿ ಹಿಡಿಯುತ್ತದೆ. ಕಾರಿನ ಸೀಟ್ ಬೆಲ್ಟ್ ನಿಧಾನಕ್ಕೆ ಎಳೆದರೆ ಬಂದು, ಸೆಳೆದರೆ ನಿಲ್ಲುವುದನ್ನು ನೋಡಿದ್ದೀರಲ್ಲ, ನೋಟಕ್ಕೆ ಹಾಗೆಯೇ. ಹಿಡಿದ ಹಗ್ಗವನ್ನು ಬಿಡಿಸಲು ಪಕ್ಕದಲ್ಲಿ ಹಿಡಿಕೆ ಇರುತ್ತದೆ.

ಎರಡನೆಯ ಜಾತಿಯಲ್ಲಿ ಚಲಿಸುವ ಭಾಗವೇ ಇಲ್ಲ. ಮಾಮುಟ್ ಸ್ಮಾರ್ಟ್, ಎಡೆಲ್‌ರಿಡ್ ಕಂಪನಿಯ ಜುಲ್ ಸರಣಿ, ಬ್ಲ್ಯಾಕ್ ಡೈಮಂಡ್ ಏಟಿಸಿ ಪೈಲಟ್, ಕ್ಲೈಂಬಿಂಗ್ ಟೆಕ್ನಾಲಜಿಯ ಕ್ಲಿಕ್ ಅಪ್ ಇವೆಲ್ಲ ಈ ಗುಂಪಿನವು. ಭಾರ ಬಿದ್ದಾಗ ಕ್ಯಾರಬೈನರ್ (ಸಾಧನವನ್ನು ಸೊಂಟದ ಪಟ್ಟಿಗೆ ಸಿಕ್ಕಿಸುವ ಲೋಹದ ಕೊಂಡಿ) ಸರಿದು ಹಗ್ಗವನ್ನು ಸಾಧನದ ಅಂಚಿಗೆ ಒತ್ತುತ್ತದೆ. ಇಲ್ಲಿ ಬ್ರೇಕ್ ಹಾಕುವ ಕೈ ಹಗ್ಗವನ್ನು ಸರಿಯಾದ ದಿಕ್ಕಿನಲ್ಲಿ ಹಿಡಿದಿದ್ದರೆ ಮಾತ್ರ ಹಿಡಿತ ಬಿಗಿಯುತ್ತದೆ. ಕ್ಯಾರಬೈನರ್ ಬದಲಾದರೆ ಹಿಡಿತವೂ ಬದಲಾಗುತ್ತದೆ, ಆದ್ದರಿಂದ ಕಂಪನಿ ಹೇಳಿದ ಆಕಾರದ ಕ್ಯಾರಬೈನರನ್ನೇ ಬಳಸಿ.

ಏಟಿಸಿ ಇದೆಯಲ್ಲ, ಅದು ಸಾಲದೇ?

ಸಾಲುತ್ತದೆ. ದಶಕಗಳಿಂದ ಸಾಲುತ್ತಾ ಬಂದಿದೆ. ಕೊಳವೆಯಾಕಾರದ ಸಾದಾ ಸಾಧನಗಳಿಗೆಲ್ಲ ನಮ್ಮಲ್ಲಿ ಏಟಿಸಿ ಎಂದೇ ಹೆಸರು, ಡಾಲ್ಡಾ ಎಂದರೆ ಎಲ್ಲ ವನಸ್ಪತಿಯೂ ಆದಂತೆ. ಅಗ್ಗ, ಹಗುರ, ಎರಡು ಹಗ್ಗಗಳನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತದೆ, ಕೆಡುವ ಭಾಗವೇ ಇಲ್ಲ. ಆದರೆ ಬಿಲೇ ಕೊಡುವವರ ತಲೆಗೆ ಮೇಲಿನಿಂದ ಕಲ್ಲು ಬಿದ್ದರೆ, ಅಥವಾ ಬೀಳುವವರ ಸೆಳೆತಕ್ಕೆ ಬಿಲೇ ಕೊಡುವವರೇ ಬಂಡೆಗೆ ಅಪ್ಪಳಿಸಿ ಕೈ ಸಡಿಲವಾದರೆ, ಏಟಿಸಿಯಲ್ಲಿ ಹಗ್ಗ ಸರಾಗವಾಗಿ ಹೋಗಿಬಿಡುತ್ತದೆ. ನೆರವಿನ ಬ್ರೇಕ್ ಇರುವುದು ಆ ಒಂದು ಗಳಿಗೆಗಾಗಿ. ಜರ್ಮನಿಯ ಆಲ್ಪೈನ್ ಕ್ಲಬ್ ಹತ್ತುವ ಅಭ್ಯಾಸದ ಒಳಾಂಗಣ ಗೋಡೆಗಳಲ್ಲಿ ಇಂಥ ಸಾಧನಗಳನ್ನೇ ಬಳಸಿ ಎಂದು ಸದಸ್ಯರಿಗೆ ಶಿಫಾರಸು ಮಾಡಿರುವುದೂ ಇದೇ ಕಾರಣಕ್ಕೆ.

ನನ್ನ ಅಭಿಪ್ರಾಯ ಇಷ್ಟು: ಮೊದಲು ಏಟಿಸಿಯಲ್ಲಿ ಕಲಿಯಿರಿ. ಕೈ ಬಿಟ್ಟರೆ ಹಗ್ಗ ಓಡುತ್ತದೆ ಎಂಬ ಅರಿವು ಅಂಗೈಗೇ ಅಂಟಿಕೊಳ್ಳುತ್ತದೆ. ಆಮೇಲೆ ದುಡ್ಡು ಕೂಡಿಸಿ ನೆರವಿನ ಬ್ರೇಕ್ ಕೊಳ್ಳಿ. ಇದನ್ನು ಒಪ್ಪದ ತರಬೇತುದಾರರೂ ಇದ್ದಾರೆ. ಮೊದಲ ದಿನದಿಂದಲೇ ಗ್ರಿಗ್ರಿ ಕೊಡಿ, ತಪ್ಪಿನಿಂದ ಯಾಕೆ ಕಲಿಯಬೇಕು ಎನ್ನುತ್ತಾರೆ. ಅವರ ವಾದದಲ್ಲೂ ಹುರುಳಿದೆ.

ಹಾಗಾದರೆ ಯಾವುದನ್ನು ಕೊಳ್ಳಲಿ?

ನೀವು ಯಾರ ಜೊತೆ ಹತ್ತುತ್ತೀರೋ ಅವರ ಬಳಿ ಇರುವುದನ್ನು. ಅಂಗಡಿಯವರು ಈ ಉತ್ತರ ಕೊಡುವುದಿಲ್ಲ. ಗುಂಪಿನಲ್ಲಿ ನಾಲ್ವರ ಬಳಿ ಗ್ರಿಗ್ರಿ ಇದ್ದು ನಿಮ್ಮ ಬಳಿ ಮಾತ್ರ ಬೇರೇನೋ ಇದ್ದರೆ, ನಿಮ್ಮ ಸಾಧನದಲ್ಲಿ ನಿಮಗೆ ಬಿಲೇ ಕೊಡುವವರು ಪ್ರತಿ ಸಲ ಹೊಸದಾಗಿ ಕಲಿಯಬೇಕು. ಕಲಿಕೆಯ ಹೊತ್ತಿನಲ್ಲಿ ಹಗ್ಗದ ಮೇಲ್ತುದಿಯಲ್ಲಿರುವುದು ನೀವು.

ಅದರಾಚೆಗೆ ಹೇಳುವುದಾದರೆ, ಬಾದಾಮಿಯಂಥ ಕಡೆ ಒಂದೇ ಹಗ್ಗದಲ್ಲಿ ಬೋಲ್ಟ್ ಹಾಕಿದ ದಾರಿಗಳನ್ನು ಹತ್ತುವವರಿಗೆ ಮತ್ತು ಗೋಡೆಯಲ್ಲಿ ಅಭ್ಯಾಸ ಮಾಡುವವರಿಗೆ 2019ರಲ್ಲಿ ಬಂದ ಸಾದಾ ಗ್ರಿಗ್ರಿ ಇಂದಿಗೂ ಒಳ್ಳೆಯ ಆಯ್ಕೆ. ತೂಕ 175 ಗ್ರಾಂ, 8.5ರಿಂದ 11 ಮಿಲಿಮೀಟರ್ ಹಗ್ಗಗಳಿಗೆ ಹೊಂದುತ್ತದೆ. 2017ರ ಗ್ರಿಗ್ರಿ ಪ್ಲಸ್‌ನಲ್ಲಿ ಹಿಡಿಕೆಯನ್ನು ಗಾಬರಿಯಿಂದ ಪೂರ್ತಿ ಎಳೆದರೆ ಮತ್ತೆ ಲಾಕ್ ಆಗುವ ಏರ್ಪಾಡಿದೆ. ಜೊತೆಗೆ ಟಾಪ್ ರೋಪ್‌ಗೆ (ಹಗ್ಗವನ್ನು ಮೊದಲೇ ಮೇಲಿನಿಂದ ಇಳಿಬಿಟ್ಟು ಹತ್ತುವುದು) ಒಂದು, ಲೀಡ್‌ಗೆ (ಹಗ್ಗವನ್ನು ಕೆಳಗಿನಿಂದ ಬೋಲ್ಟ್ ಬೋಲ್ಟ್‌ಗೆ ಸಿಕ್ಕಿಸುತ್ತಾ ಹತ್ತುವುದು) ಒಂದು ಎಂದು ಬದಲಾಯಿಸುವ ಗುಂಡಿಯೂ ಇದೆ. ಹೊಸಬರಿಗೆ ಕಲಿಸುವವರಿಗೆ ಇದು ಒಳ್ಳೆಯದು. ಅನುಭವಿಗಳಿಗೆ ಆ ಏರ್ಪಾಡೇ ಕಿರಿಕಿರಿ, ಇಳಿಸುವಾಗ ನಡುನಡುವೆ ನಿಲ್ಲುತ್ತದೆ. 2024ರಲ್ಲಿ ಬಂದ ಪೆಟ್ಜೆಲ್ ನಿಯೋಕ್ಸ್‌ನ ಒಳಗೆ ತಿರುಗುವ ಚಕ್ರವಿದೆ. ಲೀಡ್ ಮಾಡುವವರಿಗೆ ಹಗ್ಗ ಸರಸರನೆ ಹೋಗುತ್ತದೆ, ಆದರೆ ತೂಕ ಹೆಚ್ಚು. ಅದೇ ವರ್ಷ ಬಂದ ಎಡೆಲ್‌ರಿಡ್ ಪಿಂಚ್ ಅನ್ನು ಕ್ಯಾರಬೈನರ್ ಇಲ್ಲದೆ ನೇರವಾಗಿ ಹಾರ್ನೆಸ್‌ನ (ಸೊಂಟಕ್ಕೆ ತೊಡುವ ಪಟ್ಟಿ) ಮುಂಭಾಗದ ಬಿಲೇ ಲೂಪ್‌ಗೆ ಜೋಡಿಸಬಹುದು.

ಸಾವನದುರ್ಗದ ಉದ್ದುದ್ದ ದಾರಿಗಳನ್ನು ಹಲವು ಪಿಚ್‌ಗಳಲ್ಲಿ, ಅಂದರೆ ಹಂತ ಹಂತವಾಗಿ, ಹತ್ತಿ, ಮೇಲಿನಿಂದ ಎರಡು ಹಗ್ಗದೆಳೆ ಹಿಡಿದು ಇಳಿಯುವವರಿಗೆ ಎಡೆಲ್‌ರಿಡ್ ಗಿಗಾ ಜುಲ್‌ನಂಥ ಎರಡು ಕಿಂಡಿಗಳ ಸಾಧನ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನನ್ನ ಹಗ್ಗಕ್ಕೆ ಹೊಂದುತ್ತದೆಯೇ ಎಂದು ತಿಳಿಯುವುದು ಹೇಗೆ?

ಹಗ್ಗದ ತುದಿಯ ಪಟ್ಟಿಯಲ್ಲಿ ದಪ್ಪ ಬರೆದಿರುತ್ತದೆ, ಸಾಧನದ ಮೈಮೇಲೆ ಅದು ಒಪ್ಪುವ ದಪ್ಪ ಕೊರೆದಿರುತ್ತದೆ. ಎರಡನ್ನೂ ಹೋಲಿಸಿ. 1991ರ ಮೂಲ ಗ್ರಿಗ್ರಿ 9.7 ಮಿಲಿಮೀಟರಿಗಿಂತ ತೆಳುವಾದ ಹಗ್ಗಕ್ಕೆ ಮಾಡಿದ್ದಲ್ಲ. ಅಣ್ಣನ ಹಳೆಯ ಗ್ರಿಗ್ರಿ ಮತ್ತು ತಮ್ಮನ ಹೊಸ 9.2ರ ಹಗ್ಗ ಒಂದೇ ಚೀಲದಲ್ಲಿ ಇರುವುದು ನಮ್ಮಲ್ಲಿ ಅಪರೂಪವಲ್ಲ. ಹೊಸಬರಿಗೆ 9.8ರ ಆಸುಪಾಸಿನ ಹಗ್ಗ ಹಿತ. ಹಗ್ಗ ಹಳತಾದಂತೆ ಜುಂಗು ಎದ್ದು ದಪ್ಪವಾಗುತ್ತದೆ, ಆಗ ಸಾಧನದಲ್ಲಿ ಓಡುವುದು ಕಷ್ಟ.

ಹಗ್ಗ ಇಎನ್ 892 ಗುರುತಿನ ಡೈನಾಮಿಕ್ ಹಗ್ಗವೇ ಆಗಿರಬೇಕು. ಹಾರ್ಡ್‌ವೇರ್ ಅಂಗಡಿಯ ನೈಲಾನ್ ಹಗ್ಗ ಎಷ್ಟೇ ದಪ್ಪವಾಗಿರಲಿ, ಬೇಡ. ಅದು ಬಿದ್ದವರ ಭಾರವನ್ನು ಹಿಗ್ಗಿ ಹೀರಿಕೊಳ್ಳುವುದಿಲ್ಲ. ಲಾರಿಯ ಸರಕು ಬಿಗಿಯುವುದಕ್ಕೆ ಸರಿ.

ಹಗ್ಗವನ್ನು ತಿರುಗುಮುರುಗಾಗಿ ಹಾಕಿಬಿಟ್ಟರೆ?

ಗ್ರಿಗ್ರಿಯಲ್ಲಿ ಅದು ಲಾಕ್ ಆಗುವುದಿಲ್ಲ. ಸಾಧನದ ಮೇಲೆ ಚಿತ್ರವೇ ಇದೆ: ಹತ್ತುವ ಮನುಷ್ಯನ ಬದಿಯ ಹಗ್ಗ ಒಂದು ಕಡೆ, ಕೈಯ ಗುರುತಿನ ಕಡೆ ಬ್ರೇಕ್ ಹಗ್ಗ. ಇಷ್ಟಿದ್ದೂ ತಪ್ಪಾಗುತ್ತದೆ, ಹರಟೆ ಹೊಡೆಯುತ್ತಾ ಕಟ್ಟುವಾಗ ವಿಶೇಷವಾಗಿ. ಆದ್ದರಿಂದ ಹಾಕಿದ ಮೇಲೆ ಹತ್ತುವವರ ಕಡೆಯ ಹಗ್ಗವನ್ನು ಒಮ್ಮೆ ಸೆಳೆದು ನೋಡಿ. ‘ಟಕ್’ ಎಂದು ನಿಲ್ಲಬೇಕು. ಇದನ್ನು ಹತ್ತುವವರೂ ತಮ್ಮ ಕಣ್ಣಿನಿಂದ ನೋಡಬೇಕು. ಅದೇ ಹೊತ್ತಿನಲ್ಲಿ ಬಿಲೇ ಕೊಡುವವರು ಹತ್ತುವವರ ಎಂಟರ ಗಂಟನ್ನು ನೋಡಬೇಕು, ಹಾರ್ನೆಸ್‌ನ ಬಕಲ್ ನೋಡಬೇಕು, ಕ್ಯಾರಬೈನರಿನ ಸ್ಕ್ರೂ ಮುಚ್ಚಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಬೇಕು. ಇಪ್ಪತ್ತು ಸೆಕೆಂಡಿನ ಕೆಲಸ. ಇಪ್ಪತ್ತು ವರ್ಷ ಹತ್ತಿದವರೂ ಮಾಡುತ್ತಾರೆ. ಅನುಭವ ಹೆಚ್ಚಿದಂತೆ ಇದನ್ನು ಬಿಟ್ಟುಬಿಡುವವರಿಂದ ನಾನು ದೂರ.

ಲೀಡ್ ಮಾಡುವವರಿಗೆ ಹಗ್ಗ ಕೊಡುವಾಗ ಗ್ರಿಗ್ರಿ ಸಿಕ್ಕಿಕೊಳ್ಳುತ್ತದೆ. ಏನು ಮಾಡಲಿ?

ಎಲ್ಲಕ್ಕಿಂತ ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಅತಿ ಹೆಚ್ಚು ಅಪಾಯ ಅಡಗಿರುವುದೂ ಇಲ್ಲೇ.

ಮೇಲಿನವರು ಕ್ವಿಕ್‌ಡ್ರಾಗೆ (ಬೋಲ್ಟ್‌ಗೆ ನೇತುಹಾಕುವ, ಎರಡು ತುದಿಗೂ ಕೊಂಡಿಯಿರುವ ಪಟ್ಟಿ) ಹಗ್ಗ ಹಾಕಲು ಸರಕ್ಕನೆ ಎಳೆಯುತ್ತಾರೆ. ಗ್ರಿಗ್ರಿ ಅದನ್ನು ಬೀಳುವಿಕೆ ಎಂದುಕೊಂಡು ಹಿಡಿಯುತ್ತದೆ. ಮೇಲಿನಿಂದ ಬೈಗುಳ. ಕೆಳಗಿನವರು ಗಾಬರಿಯಲ್ಲಿ ಕ್ಯಾಮನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಬಿಡುತ್ತಾರೆ, ಹಗ್ಗ ಸರಾಗವಾಗಿ ಹೋಗುತ್ತದೆ, ಎಲ್ಲರಿಗೂ ಸಮಾಧಾನ. ಕ್ಯಾಮ್ ಒತ್ತಿ ಹಿಡಿದಿರುವ ಹೊತ್ತಿನಲ್ಲಿ ಮೇಲಿನವರ ಕಾಲು ಜಾರಿದರೆ ಮಾತ್ರ ಸಾಧನ ಹಿಡಿಯುವುದಿಲ್ಲ. ಬಿದ್ದಾಗ ಮನುಷ್ಯ ಹಿಡಿದದ್ದನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾನೆ, ಹೆಬ್ಬೆರಳೂ ಹಾಗೆಯೇ ಬಿಗಿಯುತ್ತದೆ.

ಸರಿಯಾದ ರೀತಿ ಹೀಗೆ. ಹೆಚ್ಚಿನ ಹೊತ್ತು ಗ್ರಿಗ್ರಿಯನ್ನು ಏಟಿಸಿಯಂತೆಯೇ ನಡೆಸಿ: ಬಲಗೈಯಿಂದ ಹಗ್ಗವನ್ನು ಒಳಗೆ ನೂಕುತ್ತಾ, ಎಡಗೈಯಿಂದ ಹೊರಗೆ ಎಳೆಯುತ್ತಾ, ಸಮನಾದ ವೇಗದಲ್ಲಿ. ಕಣ್ಣು ಮೇಲಿದ್ದರೆ ಹತ್ತುವವರ ಕೈ ಹಗ್ಗದ ಕಡೆ ಬರುವ ಮುನ್ನವೇ ತಿಳಿಯುತ್ತದೆ, ಒಂದು ಹೆಜ್ಜೆ ಮುಂದೆ ಇಟ್ಟರೆ ಅರ್ಧ ಮೀಟರ್ ಹಗ್ಗ ತಾನಾಗಿಯೇ ಸಿಗುತ್ತದೆ. ತುರ್ತಾಗಿ ಹೆಚ್ಚು ಹಗ್ಗ ಬೇಕಾದರೆ ಬಲಗೈಯ ತೋರುಬೆರಳನ್ನು ಸಾಧನದ ಅಂಚಿನ ತುಟಿಯ ಕೆಳಗಿಟ್ಟು, ಹೆಬ್ಬೆರಳಿನಿಂದ ಕ್ಯಾಮನ್ನು ಕ್ಷಣ ಮಾತ್ರ ಒತ್ತಿ, ಎಡಗೈಯಿಂದ ಎಳೆದು ಕೊಟ್ಟು, ಕೂಡಲೇ ಮೊದಲಿನ ಸ್ಥಿತಿಗೆ ಬನ್ನಿ. ಈ ಹೊತ್ತಿನಲ್ಲೂ ಬಲಗೈಯ ಉಳಿದ ಮೂರು ಬೆರಳುಗಳು ಬ್ರೇಕ್ ಹಗ್ಗವನ್ನು ಸುತ್ತಿಕೊಂಡೇ ಇರಬೇಕು. ಇಡೀ ಸಾಧನವನ್ನು ಮುಷ್ಟಿಯಲ್ಲಿ ಹಿಡಿಯುವುದು ಬೇಡವೇ ಬೇಡ. ಮನೆಯಲ್ಲಿ ಹಗ್ಗದ ತುದಿಯನ್ನು ಮಗನ ಅಥವಾ ತಂಗಿಯ ಕೈಗೆ ಕೊಟ್ಟು, ವರಾಂಡದ ಉದ್ದಕ್ಕೂ ನಡೆಯಲು ಹೇಳಿ ಅಭ್ಯಾಸ ಮಾಡಿ.

ಇಳಿಸುವಾಗ ಹಿಡಿಕೆಯನ್ನು ಎಷ್ಟು ಎಳೆಯಬೇಕು?

ಹಿಡಿಕೆ ವೇಗ ಹೆಚ್ಚಿಸುವ ಆಕ್ಸಿಲರೇಟರ್ ಅಲ್ಲ. ಎಡಗೈ ಅದನ್ನು ಮೆಲ್ಲಗೆ ತೆರೆಯುತ್ತದೆ ಅಷ್ಟೇ. ವೇಗವನ್ನು ನಿರ್ಧರಿಸುವುದು ಹಗ್ಗ ಹಿಡಿದ ಬಲಗೈ.

ಇದನ್ನು ನಾನು ಕಲಿತದ್ದು ನಾಚಿಕೆಯಾಗುವ ರೀತಿಯಲ್ಲಿ. ವರ್ಷಗಳ ಹಿಂದೆ ಗೆಳೆಯನೊಬ್ಬನನ್ನು ಗೋಡೆಯೊಂದರಿಂದ ಇಳಿಸುತ್ತಿದ್ದೆ. ಹಿಡಿಕೆ ಗಡುಸಾಗಿದೆ ಎಂದು ಪೂರ್ತಿ ಎಳೆದೆ. ಅವನು ಕಲ್ಲಿನಂತೆ ಜಾರತೊಡಗಿದ. ಹಿಡಿಕೆಯನ್ನು ಬಿಟ್ಟಿದ್ದರೆ ನಿಲ್ಲುತ್ತಿದ್ದ. ನಾನು ಬಿಡುವ ಬದಲು ಇನ್ನೂ ಬಲವಾಗಿ ಎಳೆದು ಹಿಡಿದೆ. ಗಾಬರಿಯಾದ ಕೈಗೆ ಬಿಡುವುದು ಗೊತ್ತಿರುವುದಿಲ್ಲ. ಕೊನೆಗೆ ಅವನನ್ನು ನಿಲ್ಲಿಸಿದ್ದು ಬಲಗೈ. ನೆಲಕ್ಕೆ ಎರಡು ಆಳುದ್ದ ಇತ್ತು. ಇಳಿದ ಮೇಲೆ ಅವನು ಏನೂ ಹೇಳಲಿಲ್ಲ, ನೀರು ಕೇಳಿದ. ನನ್ನ ಅಂಗೈಯ ಬೊಬ್ಬೆ ಎರಡು ವಾರ ಇತ್ತು.

ಇಳಿಸುವಾಗಿನ ಇನ್ನೊಂದು ದೊಡ್ಡ ಅಪಾಯ ಸಾಧನಕ್ಕೆ ಸಂಬಂಧಿಸಿದ್ದೇ ಅಲ್ಲ. ದಾರಿ 35 ಮೀಟರ್ ಎತ್ತರವಿದ್ದು ಹಗ್ಗ 60 ಮೀಟರ್ ಇದ್ದರೆ, ಇಳಿಸುತ್ತಾ ಇಳಿಸುತ್ತಾ ಹಗ್ಗದ ತುದಿ ಸಾಧನದಿಂದ ಸರ್ರನೆ ಹೊರಬಿದ್ದು ಮೇಲಿನವರು ಬೀಳುತ್ತಾರೆ. ಯಾವ ಕ್ಯಾಮ್ ಕೂಡ ಇಲ್ಲದ ಹಗ್ಗವನ್ನು ಹಿಡಿಯಲಾರದು. ಕೆಳಗಿನ ತುದಿಗೆ ಗಂಟು ಹಾಕಿ, ಅಥವಾ ಅದನ್ನು ಹಗ್ಗದ ಚೀಲಕ್ಕೆ ಕಟ್ಟಿ.

ನನ್ನ ತೂಕ 50 ಕಿಲೋ, ಜೊತೆಗಾರ 85. ಬಿಲೇ ಕೊಡಬಹುದೇ?

ಸಾಧನ ಹಗ್ಗವನ್ನು ಹಿಡಿಯುತ್ತದೆ, ನಿಮ್ಮನ್ನು ಹಿಡಿಯುವುದಿಲ್ಲ. ಅವರು ಬಿದ್ದರೆ ನೀವು ಮೇಲೆ ಹಾರಿ ಮೊದಲ ಬೋಲ್ಟ್‌ವರೆಗೆ ಹೋಗಬಹುದು. ಸಾಧನ ಮೊದಲ ಕ್ವಿಕ್‌ಡ್ರಾಗೆ ಬಡಿದರೆ ಕ್ಯಾಮ್ ತೆರೆದುಕೊಳ್ಳುವ ಸಾಧ್ಯತೆಯೂ ಇದೆ. ಎಡೆಲ್‌ರಿಡ್ ಕಂಪನಿ 2016ರಲ್ಲಿ ತಂದ ಓಮ್ ಎಂಬ ಸಾಧನವನ್ನು ಮೊದಲ ಬೋಲ್ಟ್‌ಗೆ ಹಾಕಿದರೆ ಅಲ್ಲಿ ಘರ್ಷಣೆ ಹೆಚ್ಚಿ ಸೆಳೆತ ಕಡಿಮೆಯಾಗುತ್ತದೆ. ಅದಿಲ್ಲದಿದ್ದರೆ ಬಂಡೆಗೆ ಹತ್ತಿರ ನಿಲ್ಲಿ, ಅಥವಾ ಅವರಿಗೆ ಸರಿತೂಕದವರನ್ನು ಹುಡುಕಿ. ಮುಜುಗರ ಬೇಡ.

ಗ್ರಿಗ್ರಿಯಲ್ಲಿ ಬಿದ್ದರೆ ಗೋಡೆಗೆ ಬಡಿಯುತ್ತದೆ ಎನ್ನುತ್ತಾರಲ್ಲ?

ಏಟಿಸಿಯಲ್ಲಿ ಹಗ್ಗ ಕೊಂಚ ಜಾರಿ ಪೆಟ್ಟು ಮೆತ್ತಗಾಗುತ್ತದೆ. ಇಲ್ಲಿ ಜಾರುವುದಿಲ್ಲ. ಆ ಮೆತ್ತನೆಯನ್ನು ಬಿಲೇ ಕೊಡುವವರ ಕಾಲುಗಳು ಕೊಡಬೇಕು: ಹಗ್ಗ ಬಿಗಿಯಾಗುವ ಗಳಿಗೆಯಲ್ಲಿ ಸಣ್ಣದಾಗಿ ಜಿಗಿಯಿರಿ, ಅಥವಾ ಬಂಡೆಯ ಕಡೆ ಒಂದು ಹೆಜ್ಜೆ ಹೋಗಿ. ಆದರೆ ಹತ್ತುವವರು ಇನ್ನೂ ಎರಡನೆಯ ಬೋಲ್ಟ್ ಬಳಿ ಇದ್ದರೆ, ಅಥವಾ ಕೆಳಗೆ ಬಂಡೆಯ ಚಾಚು ಇದ್ದರೆ ಈ ಸೌಜನ್ಯ ಬೇಡ, ಗಟ್ಟಿಯಾಗಿ ಹಿಡಿಯಿರಿ. ಇದನ್ನು ಜಾಸ್ತಿ ಹಗ್ಗ ಸಡಿಲ ಬಿಡುವುದರ ಜೊತೆ ಬೆರೆಸಬೇಡಿ. ಸಡಿಲ ಹಗ್ಗದಿಂದ ಬೀಳುವ ದೂರ ಹೆಚ್ಚುತ್ತದೆ ಅಷ್ಟೇ.

ಇದರಲ್ಲಿ ರ‍್ಯಾಪೆಲ್ ಮಾಡಬಹುದೇ? ಒಬ್ಬನೇ ಹತ್ತಬಹುದೇ?

ರ‍್ಯಾಪೆಲ್ ಎಂದರೆ ಹಗ್ಗ ಹಿಡಿದು ತಾವೇ ಇಳಿಯುವುದು. ಒಂದೇ ಎಳೆಯ ಹಗ್ಗದಲ್ಲಿ ಹಾಗೆ ಇಳಿಯಬಹುದು. ಜೋಡಿ ಎಳೆ ಗ್ರಿಗ್ರಿಯೊಳಗೆ ಹೋಗುವುದಿಲ್ಲ. ಒಬ್ಬರೇ ಲೀಡ್ ಮಾಡಲು ಗ್ರಿಗ್ರಿಯನ್ನು ಬಳಸುವವರಿದ್ದಾರೆ. ಕಂಪನಿ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ, ನಾನೂ ಕೊಡುವುದಿಲ್ಲ. ಚಿತ್ರದುರ್ಗದ ಕೋಟೆಯನ್ನು ಹಗ್ಗವಿಲ್ಲದೆ ಹತ್ತುವ ಜ್ಯೋತಿರಾಜ್ ಅವರ ದಾರಿ ಬೇರೆ, ಅವರನ್ನು ಉದಾಹರಣೆಯಾಗಿ ನನ್ನ ಮುಂದೆ ತರಬೇಡಿ.

ನಾನು ಎಡಚ.

ಗ್ರಿಗ್ರಿಯ ರಚನೆ ಬಲಗೈಯವರಿಗೆ. ಎಡಗೈಯವರು ಹಿಡಿಯುವ ರೀತಿಯನ್ನು ಪೆಟ್ಜೆಲ್ ಚಿತ್ರಗಳಲ್ಲಿ ತೋರಿಸಿದೆ. ಆದರೂ ಹಲವು ಎಡಚರು ಬಲಗೈಯಲ್ಲೇ ಕಲಿತುಬಿಡುತ್ತಾರೆ. ಎರಡೂ ಬದಿ ಒಂದೇ ಆಗಿರುವ ವೈಲ್ಡ್ ಕಂಟ್ರಿ ರೆವೊ, ಅಥವಾ ಚಲಿಸುವ ಭಾಗವಿಲ್ಲದ ಸಾಧನಗಳು ನಿಮಗೆ ಸುಲಭ.

ಧೂಳು, ಮರಳು ಹೊಕ್ಕರೆ ಏನು ಮಾಡಬೇಕು?

ಬಾದಾಮಿಯ ಮರಳುಗಲ್ಲು ಹಗ್ಗದ ನೂಲಿನೊಳಗೆ ಸೇರಿಕೊಂಡು ಉಪ್ಪುಕಾಗದದಂತೆ ಸಾಧನವನ್ನು ಸವೆಸುತ್ತದೆ. ಹಗ್ಗವನ್ನು ನೆಲದ ಮೇಲೆ ಹಾಕದೆ ಚೀಲದ ಹಾಸಿನ ಮೇಲೆ ಹಾಕಿ. ಸಾಧನವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಹಗ್ಗ ತಾಗುವ ಜಾಗಕ್ಕೆ ಎಣ್ಣೆ ಸೋಕಬಾರದು. ಹಗ್ಗ ಓಡಿ ಓಡಿ ಬಿದ್ದ ತೋಡಿನ ಅಂಚು ಬೆರಳಿಗೆ ಚೂಪಾಗಿ ತಾಗಿದರೆ, ಕ್ಯಾಮ್ ತಿರುಗಿ ತಾನಾಗಿ ಹಿಂದೆ ಬಾರದಿದ್ದರೆ, ಬಿರುಕು ಕಂಡರೆ, ಅದರ ಕಾಲ ಮುಗಿಯಿತು. ಎತ್ತರದಿಂದ ಬಂಡೆಗೆ ಬಿದ್ದ ಸಾಧನವನ್ನು ತಿಳಿದವರಿಗೆ ತೋರಿಸದೆ ಬಳಸಬೇಡಿ.

ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ, ಅರ್ಧ ಬೆಲೆ. ತೆಗೆದುಕೊಳ್ಳಲೇ?

ಮಾರುವವರನ್ನು ಬಲ್ಲಿರಾ? ಬಲ್ಲವರಾದರೆ, ಅವರ ಜೊತೆ ಒಂದು ದಿನ ಹತ್ತಿ, ಅದೇ ಸಾಧನದಲ್ಲಿ ಅವರು ನಿಮಗೆ ಬಿಲೇ ಕೊಡುವುದನ್ನು ನೋಡಿ, ಆಮೇಲೆ ತೆಗೆದುಕೊಳ್ಳಿ. ಗುರುತಿಲ್ಲದವರಿಂದ ಆನ್‌ಲೈನಿನಲ್ಲಿ ಬೇಡ. ಪೆಟ್ಜೆಲ್ ಹೆಸರಿನ ನಕಲಿ ಸಾಮಾನುಗಳು ಮಾರುಕಟ್ಟೆಗೆ ಬಂದಿವೆ ಎಂದು ಕಂಪನಿಯೇ ಎಚ್ಚರಿಕೆ ಕೊಟ್ಟಿದೆ. ಅಸಲಿಯಲ್ಲಿ ಸಿಇ ಗುರುತು, ಮಾನದಂಡದ ಸಂಖ್ಯೆ ಮತ್ತು ಆ ಒಂದು ತುಂಡಿಗೇ ಮೀಸಲಾದ ಕ್ರಮಸಂಖ್ಯೆ ಕೊರೆದಿರುತ್ತದೆ. ನಕಲಿ ಮಾಡುವವರು ಅದನ್ನೂ ಕೊರೆಯಬಲ್ಲರು, ಹಾಗಾಗಿ ಬಿಲ್ ಕೊಡುವ ಅಧಿಕೃತ ಮಾರಾಟಗಾರರೇ ಮೇಲು. ಹಳೆಯ ಗ್ರಿಗ್ರಿ 2 ಕೈಗೆ ಬಂದರೆ ಕ್ರಮಸಂಖ್ಯೆಯನ್ನು ಪೆಟ್ಜೆಲ್‌ನ ಪಟ್ಟಿಯೊಂದಿಗೆ ಹೋಲಿಸಿ. 2011ರಲ್ಲಿ ಬಂದ ಮೊದಲ ತಂಡದ ಕೆಲವನ್ನು ಹಿಡಿಕೆಯ ದೋಷಕ್ಕಾಗಿ ಅದೇ ವರ್ಷ ಹಿಂದಕ್ಕೆ ಕರೆಸಿಕೊಳ್ಳಲಾಗಿತ್ತು: ಹಿಡಿಕೆಯನ್ನು ಮಿತಿಮೀರಿ ಎಳೆದರೆ ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುವ ಸಾಧ್ಯತೆಯಿತ್ತು.